ಗೃಹವಿಚಾರ: ಪರಸ್ಥಳದಲ್ಲಿ ಕೂಸಿನ ಶೌಚಾಭ್ಯಾಸ

ಕಳೆದ ತಿಂಗಳು ಇದೇ ಪುಟದಲ್ಲಿ ಮಕ್ಕಳ ನಿದ್ರೆಯ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಗೃಹಿಣಿಯೊಬ್ಬರು, ತಮ್ಮ ಎರಡೂವರೆ ವರ್ಷದ ಗಂಡುಮಗುವು ಮನೆಯಲ್ಲಿ ಹೇಳಿ ಶೌಚಕ್ಕೆ ಹೋಗುವುದನ್ನು ಕಲಿತಿದ್ದರೂ ಪರಸ್ಥಳಕ್ಕೆ ಹೋದೊಡನೆ ಕಲಿತುದೆಲ್ಲವನ್ನೂ ಮರೆತುಬಿಡುವುದೆಂದೂ, ಹಬ್ಬಕ್ಕೆ ತವರಿಗೆ ಹೊರಡುವುದೇ ತಮಗೆ ಭಯವಾಗಿದೆಯೆಂದೂ ಕಾಗದ ಬರೆದು ಉಪಾಯ ಕೇಳಿದ್ದಾರೆ. ಇಂತಹ ವಿಷಯವನ್ನು ಮಾಸಪತ್ರಿಕೆಯಲ್ಲಿ ಬರೆಯಬಹುದೇ ಎಂದು ಮೂಗು ಮುರಿಯುವವರೂ ಇದ್ದಾರು. ಮಗುವಿನ ಊಟದ ವಿಚಾರವಾಗಿ ಹತ್ತು ಪುಟ ಬರೆದರೆ ಮೆಚ್ಚುವವರು, ಆ ಊಟದ ಮುಂದಿನ ಗತಿಯನ್ನು ಕುರಿತು ಒಂದು ಪುಟ ಬರೆದರೆ ಏಕೆ ನಾಚಬೇಕೋ ನಾನರಿಯೆನು. ಈ ವಿಷಯದಲ್ಲಿ ದೊಡ್ಡ ತಪ್ಪೊಂದನ್ನು ಮಾಡಿ ಅದರ ಫಲವನ್ನು ಕಂಡವನಾದುದರಿಂದ ಉತ್ತರ ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಎರಡು ವರ್ಷಗಳ ಹಿಂದೆ ಧಾರವಾಡದಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಮೈಸೂರಿನಿಂದ ರಾತ್ರಿಯ ರೈಲಿಗೆ ಮನೆಮಂದಿಯೆಲ್ಲ ಹೊರಟೆವು. ಮೊಮ್ಮಗನಿಗೆ ಆಗ ಎರಡು ವರ್ಷ ಎಂಟು ತಿಂಗಳು. ಮನೆಯಲ್ಲಿ ಅವನಿಗೆಂದು ಹಳದಿ ಬಣ್ಣದ ಪ್ಲಾಸ್ಟಿಕ್ಕಿನ ಪುಟ್ಟ ಪೀಠವೊಂದಿತ್ತು. ನಡುವೆ ತೆಗೆದು ತೊಳೆಯುವ ಬಟ್ಟಲು. ಬಚ್ಚಲುಮನೆಯ ಮೂಲೆಯಲ್ಲಿ ಅದರ ಮೇಲೆ ಕುಳಿತು, ಕಿಟಕಿಯಾಚೆಯ ನುಗ್ಗೆಮರದ ಕಾಗೆಗಳನ್ನು ಮಾತನಾಡಿಸುತ್ತ, ಬೆಳಗಿನ ಹಾಲು ಕುಡಿದ ಕಾಲು ಗಂಟೆಯೊಳಗೆ ತನ್ನ ಕೆಲಸ ಮುಗಿಸುತ್ತಿದ್ದನು. ಸೊಸೆಯು ಆ ಪೀಠವನ್ನು ಸಾಮಾನಿನೊಡನೆ ಕಟ್ಟುತ್ತಿದ್ದುದನ್ನು ಕಂಡು ನಾನು, "ಮದುವೆಗೆ ಹೊರಟವರು ಇದನ್ನೂ ಹೊತ್ತುಕೊಂಡು ಹೋಗುವುದುಂಟೇನಮ್ಮ? ಛತ್ರದಲ್ಲಿ ಎಲ್ಲವೂ ಇರುತ್ತದೆ" ಎಂದೆನು. "ಅವನಿಗೆ ಇದೇ ಅಭ್ಯಾಸ, ಮಾವ" ಎಂದು ಅವಳು ಮೆಲ್ಲನೆ ಹೇಳಿದಳು. ನಾನು ಮತ್ತೆ ಮಾತನಾಡಲಿಲ್ಲ; ಆದರೆ ನನ್ನ ಮುಖವನ್ನು ನೋಡಿ ಅದನ್ನು ಹೊರಗೆ ತೆಗೆದಿಟ್ಟಳು.

ರೈಲಿನ ಶೌಚದ ಕೋಣೆಯನ್ನು ಒಮ್ಮೆ ಮಗುವಿನ ಎತ್ತರದಿಂದ ನೋಡಬೇಕು. ಈಗ ಜೈವಿಕ ಶೌಚಾಲಯಗಳನ್ನು ಅಳವಡಿಸಿರುವುದರಿಂದ ಹಿಂದಿನಂತೆ ಕೆಳಗೆ ಹಳಿಯ ಕಲ್ಲುಗಳು ಓಡುವುದು ಕಾಣಿಸದು, ನಿಜ. ಆದರೆ ನೆಲವೇ ನಡುಗುತ್ತದೆ, ಬಾಗಿಲು ಗಡಗಡಿಸುತ್ತದೆ, ಎರಡು ಪಾದಗಳ ನಡುವಣ ಅಂತರವು ಕೂಸಿನ ಹೆಜ್ಜೆಗೆ ನಿಲುಕದು. ನಮ್ಮ ಹುಡುಗನು ತಾಯಿಯ ಕೊರಳನ್ನು ಬಿಗಿಯಾಗಿ ಹಿಡಿದವನು ಕೆಳಗಿಳಿಯಲೇ ಇಲ್ಲ. ಛತ್ರದಲ್ಲಿಯಾದರೋ ಇದ್ದುದು ಎತ್ತರದ ಕಮೋಡು. ಕೂರಿಸಿದರೆ ಕಾಲು ತೂಗಾಡುವುದು, ಒಳಗೆ ಜಾರುವೆನೆಂಬ ಭಯ ಬೇರೆ. ಹೊರಗೆ ಬಾಗಿಲು ಬಡಿಯುವ ಬಂಧುಗಳು. ಕಾಲಿಗೆ ಆಧಾರವಿಲ್ಲದೆ ದೊಡ್ಡವರಿಗೂ ಮುಕ್ಕುವುದು ಕಷ್ಟವೇ. ಮೂರು ದಿನ ಅವನು ತಡೆದುಕೊಂಡನು. ಚಿರೋಟಿ, ಲಾಡು, ಹೋಳಿಗೆಗಳ ಊಟ ಮಾತ್ರ ನಡೆದೇ ಇತ್ತು.

ಮೂರನೆಯ ದಿನ ಊಟದ ಪಂಕ್ತಿಯಲ್ಲಿ, ನನ್ನ ಮಗ್ಗುಲಲ್ಲಿಯೇ, ಚಡ್ಡಿಯಲ್ಲಿ ಆಗಿಹೋಯಿತು. ಸುತ್ತಲಿನವರು ತಿರುಗಿ ನೋಡಿದರು. ಮೂವತ್ತನಾಲ್ಕು ವರ್ಷ ಹುಡುಗರನ್ನು ಪಳಗಿಸಿದ ಮೇಷ್ಟ್ರ ಮೊಮ್ಮಗನು! ನನಗೆ ಅಭಿಮಾನಭಂಗವಾಯಿತು. "ಛೀ, ಇಷ್ಟು ದೊಡ್ಡವನಾಗಿ ನಾಚಿಕೆಯಾಗುವುದಿಲ್ಲವೆ?" ಎಂದು ಎಲ್ಲರಿಗೂ ಕೇಳುವಂತೆ ಗದರಿದೆನು. ಹುಡುಗನು ಅಳಲಿಲ್ಲ. ತನ್ನ ಎಲೆಯನ್ನೇ ನೋಡುತ್ತ ಕುಳಿತನು.

1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಪ್ರಯಾಣಿಕರು ಸಾಹಿಬ್‌ಗಂಜಿನ ರೈಲ್ವೆ ಕಚೇರಿಗೆ ಬರೆದ ದೂರಿನ ಕಾಗದವೊಂದು ಪ್ರಸಿದ್ಧವಾಗಿದೆ. ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದಾರೆ. ಹಲಸಿನಹಣ್ಣು ತಿಂದು ಹೊಟ್ಟೆ ಉಬ್ಬರಿಸಿ, ನಿಲ್ದಾಣದಲ್ಲಿಳಿದು ಬಹಿರ್ದೆಸೆಗೆ ಹೋಗಿದ್ದಾಗ ಗಾರ್ಡು ಸೀಟಿ ಊದಿಬಿಟ್ಟನಂತೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತರ ಹಿಡಿದು ಓಡಿದವರು ನೆರೆದ ಗಂಡಸರು ಹೆಂಗಸರೆಲ್ಲರ ಎದುರಿಗೆ ಬಿದ್ದರಂತೆ, ಗಾಡಿಯೂ ಹೊರಟುಹೋಯಿತಂತೆ. ಓದಿ ನಗದವರಿಲ್ಲ. ಬೆಳೆದ ಗಂಡಸಿಗೆ ಆ ಅವಮಾನವು ಕಾಗದ ಬರೆಯಿಸಿತು. ಮೂರು ತುಂಬದ ಕೂಸು ಯಾರಿಗೆ ಬರೆದೀತು?

ಊರಿಗೆ ಹಿಂದಿರುಗಿದ ಮೇಲೆ ಸರಿಹೋಗುವುದೆಂದು ಎಣಿಸಿದ್ದೆವು. ಹಾಗಾಗಲಿಲ್ಲ. ಹಳದಿ ಪೀಠವನ್ನು ಕಂಡರೂ ದೂರ ಸರಿಯುವನು. ಬಾಗಿಲ ಮರೆಗೆ ಹೋಗಿ ಕಾಲುಗಳನ್ನು ಹೆಣೆದು, ಮುಖ ಕೆಂಪಾಗಿ ನಿಲ್ಲುವನು. ಒಂದು ದಿನ ಮಲದಲ್ಲಿ ರಕ್ತದ ಗೆರೆ ಕಂಡು ವೈದ್ಯರಲ್ಲಿಗೆ ಓಡಿದೆವು. ಅವರು ವಿವರಿಸಿದುದಿಷ್ಟು. ತಡೆಹಿಡಿದ ಮಲದಲ್ಲಿನ ನೀರನ್ನು ಕರುಳು ಹೀರಿಕೊಳ್ಳುತ್ತಲೇ ಇರುವುದು, ಮಲವು ಗಟ್ಟಿಯಾಗುವುದು, ಹೊರಬರುವಾಗ ನೋಯುವುದು, ನೋವಿಗೆ ಹೆದರಿ ಮಗುವು ಇನ್ನಷ್ಟು ತಡೆಯುವುದು. ಹೀಗೆ ಬಹುಕಾಲ ನಡೆದರೆ ಗುದಭಾಗದ ಕರುಳು ಹಿಗ್ಗಿ, ವೇಗವೇ ತಿಳಿಯದಂತಾಗಿ, ಗಟ್ಟಿಯಾದುದರ ಬದಿಯಿಂದ ತೆಳ್ಳಗಿನದು ತಾನಾಗಿ ಒಸರುವುದು. ಅದನ್ನು ಕಂಡ ಮನೆಯವರು ಮಗುವನ್ನು ಸೋಮಾರಿ, ಹಠಮಾರಿ ಎಂದು ಬೈಯುವರು. ಮಲವನ್ನು ಮೆದುಗೊಳಿಸುವ ಔಷಧಿಯನ್ನು ಎರಡು ತಿಂಗಳು ಕೊಡಬೇಕಾಯಿತು. "ಇಲ್ಲಿ ಯಾರಾದರೂ ಗದರಿದಿರಾ?" ಎಂದು ವೈದ್ಯರು ಕೇಳಿದಾಗ, "ತಾತ ಬೈತಾರೆ" ಎಂದು ಹುಡುಗನೇ ಹೇಳಿದನು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯಕ್ಕೆ ನವೇಗಾನ್ಧಾರಣೀಯವೆಂದು ಹೆಸರು. ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಮೂತ್ರಪುರೀಷಗಳನ್ನು ಅಲ್ಲಿ ಮೊದಲೆಣಿಸಿದೆ. ಒಳಗೆ ದ್ವಿತೀಯಾ ವಿಭಕ್ತಿಯು ಹಾಗೆಯೇ ಉಳಿದಿರುವ ಆ ವಿಚಿತ್ರ ಪದವನ್ನು ತರಗತಿಯಲ್ಲಿ ಎಷ್ಟು ಸಲ ಬಿಡಿಸಿ ತೋರಿಸಿದ್ದೆನೋ! ಅದೇ ಗ್ರಂಥದ ಶಾರೀರಸ್ಥಾನದಲ್ಲಿ, ಮಾತು ಕೇಳದ ಮಗುವನ್ನು ರಾಕ್ಷಸ ಪಿಶಾಚಾದಿಗಳ ಹೆಸರು ಹೇಳಿ ಹೆದರಿಸಕೂಡದೆಂದೂ ಇದೆ. ನಮ್ಮ ಮನೆಯಲ್ಲಿ ಪಿಶಾಚದ ಅಗತ್ಯವೇ ಬೀಳಲಿಲ್ಲ.

ಇನ್ನು ಕಾಗದ ಬರೆದ ತಾಯಿಯವರಿಗೆ. ತಮ್ಮ ಮಗುವು ಏನನ್ನೂ ಮರೆತಿಲ್ಲ. ಅದು ಕಲಿತಿರುವುದು ಒಂದು ಮೂಲೆಯಲ್ಲಿ, ಒಂದು ಪೀಠದ ಮೇಲೆ, ಒಂದು ಹೊತ್ತಿನಲ್ಲಿ. ಮೂಲೆಯನ್ನು ಹೊತ್ತೊಯ್ಯಲಾಗದು, ಉಳಿದವನ್ನು ಒಯ್ಯಬಹುದು. ಪೀಠವನ್ನು ಚೀಲದಲ್ಲಿಟ್ಟುಕೊಳ್ಳಿರಿ, ಯಾರು ನಕ್ಕರೂ ನಗಲಿ. ಎತ್ತರದ ಕಮೋಡೇ ಗತಿಯಾದರೆ ಕಾಲ ಕೆಳಗೆ ಮಣೆಯೋ ಸ್ಟೂಲೋ ಇರಬೇಕು, ತಾಯಿಯ ಕೈ ಬೆನ್ನಿಗಿರಬೇಕು. ನೀರು ಬಿಡುವುದು ಮಗುವು ಹೊರಗೆ ಹೋದ ಮೇಲೆ. ಮನೆಯಲ್ಲಿ "ಎರಡಕ್ಕೆ" ಎನ್ನುವುದಾದರೆ ತವರಿನಲ್ಲಿಯೂ ಅದೇ ಮಾತು. ಅಜ್ಜಿ ಒಂದು, ಚಿಕ್ಕಮ್ಮ ಒಂದು ಹೇಳುವುದು ಬೇಡ. ಊಟವು ಹೊಟ್ಟೆಗೆ ಬಿದ್ದಾಗ ಕರುಳು ಚಲಿಸುವುದು ಸಹಜವಾದುದರಿಂದ, ಉಂಡ ಸ್ವಲ್ಪ ಹೊತ್ತಿಗೆ ಐದು ನಿಮಿಷ ಕೂರಿಸಿರಿ, ಆಗದಿದ್ದರೆ ಎಬ್ಬಿಸಿಬಿಡಿರಿ. ಗಂಡುಮಗುವಾದರೂ ಮೊದಲು ಎರಡಕ್ಕೂ ಕುಳಿತೇ ಕಲಿಯಲಿ. ಒದ್ದೆಮಾಡೀತೆಂದು ಪ್ರಯಾಣದಲ್ಲಿ ನೀರು ಕೊಡದೆ ಒಣಗಿಸುವ ತಾಯಂದಿರನ್ನು ಕಂಡಿದ್ದೇನೆ; ಮಲಬದ್ಧತೆಗೆ ಅದೇ ಮೊದಲ ಮೆಟ್ಟಿಲು. ನೀರು, ಪರಂಗಿಹಣ್ಣು, ನೆನೆಸಿದ ದ್ರಾಕ್ಷಿ, ಸೊಪ್ಪು ಬೇಕು. ರಾತ್ರಿಯ ರೈಲಿಗೆ ಡೈಪರ್ ಕಟ್ಟಿದರೆ ಕಲಿತುದು ಕೆಡುವುದಿಲ್ಲ. "ಇದು ರೈಲಿಗೆ ಮಾತ್ರ" ಎಂದು ಹೇಳಿ ಕಟ್ಟಿರಿ. ಇನ್ನೂ ಕಲಿಯದ ಕೂಸಿಗೆ ಪ್ರಯಾಣದ ಮುಂಚಿನ ವಾರದಲ್ಲಿ ಅಭ್ಯಾಸವನ್ನಾರಂಭಿಸಬೇಡಿರಿ. ಹಲವು ಮಕ್ಕಳು 18ರಿಂದ 24 ತಿಂಗಳೊಳಗೆ ಸಿದ್ಧತೆಯನ್ನು ತೋರುವುದಾದರೂ, ಮೂರು ತುಂಬುವವರೆಗೆ ತಡವಾಗುವವರೂ ಉಂಟು; ಗಂಡುಮಕ್ಕಳು ತುಸು ಹಿಂದೆಯೇ. ಎರಡು ಮೂರು ದಿನ ಮಲ ಕಟ್ಟಿ ನೋವಾದರೆ, ಇಲ್ಲವೆ ರಕ್ತ ಕಂಡರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಿರಿ.

ಮರುವರ್ಷ ಮತ್ತೆ ಅದೇ ರೈಲಿನಲ್ಲಿ ಧಾರವಾಡಕ್ಕೆ ಹೋದೆವು. ಈ ಸಲ ಪೀಠದ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡಿದ್ದೆನು. ಎದುರಿನ ಸೀಟಿನವರು ಅದೇನೆಂದು ಕೇಳಿದರು, ಹೇಳಿದೆನು. ಅರಸೀಕೆರೆ ದಾಟಿದ ಮೇಲೆ ಕತ್ತಲಲ್ಲಿ ಯಾರೋ ನನ್ನ ತೋಳನ್ನು ಅಲುಗಿಸಿದಂತಾಗಿ ಎಚ್ಚರವಾಯಿತು. ತಾಯಿಯು ಪಕ್ಕದಲ್ಲಿಯೇ ಮಲಗಿದ್ದಳು. ಹುಡುಗನು ಅವಳನ್ನು ಎಬ್ಬಿಸದೆ ನನ್ನಲ್ಲಿಗೆ ಬಂದಿದ್ದನು. "ತಾತಾ, ಎರಡು" ಎಂದನು.