ಸೋಮಾರಿ ಎನ್ನುವ ಮೊದಲು



ಕೆಲಸದಲ್ಲಿ ಒಬ್ಬರು ಹಿಂದೆ ಬಿದ್ದರೆ "ಸೋಮಾರಿ" ಎಂದುಬಿಡುವುದು ಸುಲಭ. ಮೇಸ್ತ್ರಿಯೂ ಹೇಳುತ್ತಾನೆ, ನಾವೂ ಹೇಳುತ್ತೇವೆ. ಆದರೆ ಮನುಷ್ಯನು ಒಬ್ಬನೇ ಇದ್ದಾಗ ಒಂದು ರೀತಿ, ಗುಂಪಿನಲ್ಲಿ ಇನ್ನೊಂದು ರೀತಿ ನಡೆಯುತ್ತಾನೆ. ಇದನ್ನು ಅರಿಯದೆ ಸಂಘ ಕಟ್ಟಲಾಗದು.

ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931-32ರಲ್ಲಿ ಟೆಲಿಫೋನ್ ತಂತಿ ಜೋಡಿಸುವ ಕೆಲಸದ 14 ಮಂದಿಯನ್ನು ಒಂದೇ ಕೋಣೆಯಲ್ಲಿಟ್ಟು ತಿಂಗಳುಗಟ್ಟಲೆ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಇತ್ತು. ಆದರೂ ದಿನಕ್ಕೆ ಇಷ್ಟೇ ಎಂದು ಅವರು ತಮ್ಮೊಳಗೇ ಗೆರೆ ಎಳೆದುಕೊಂಡಿದ್ದರು. ಮೀರಿದವನ ತೋಳಿಗೆ ಗುದ್ದು, ತೀರ ಕಡಿಮೆ ಮಾಡಿದವನಿಗೆ ಮೂದಲಿಕೆ. ಅದು ಸೋಮಾರಿತನವಲ್ಲ. ಹೆಚ್ಚು ಮಾಡಿ ತೋರಿಸಿದರೆ ದರ ಇಳಿಸುತ್ತಾರೆಂಬ ಭಯ. ತೋಟದಲ್ಲಿ ಎಲೆ ತೂಗಿಸುವ ನಿಮಗೆ ಈ ಭಯ ಹೊಸದಲ್ಲ.

ಇನ್ನು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಕಬ್ಬಿನ ಹೊಲಕ್ಕೆ ಬನ್ನಿ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ' ಎಂದು ಲೆಕ್ಕ. ಮುಕಾದಮನಿಂದ ಪಡೆದ ಮುಂಗಡ ಟನ್ನಿನ ಲೆಕ್ಕದಲ್ಲಿ ತೀರಬೇಕು. ಒಂದು ದಿನ ತಪ್ಪಿದರೆ 'ಖಾಡಾ' ಎಂದು ದಂಡ ಹಿಡಿಯುವುದುಂಟು. ಆದ್ದರಿಂದ ಜ್ವರ ಬಂದವಳೂ ಕತ್ತಿ ಹಿಡಿದು ಏಳುತ್ತಾಳೆ. ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳುತ್ತೇವೆ, ಏಳಲಾಗದವಳನ್ನು ಬೈಯುತ್ತೇವೆ. ಲಾರಿ ತುಂಬುವುದು ತಡವಾಯಿತೆಂದು ಒಮ್ಮೆ ಒಬ್ಬ ತಾಯಿಯನ್ನು ಟೋಳಿಯವರೆಲ್ಲ ಬೈದರು. ನಾನು ಬಾಯಿ ಮುಚ್ಚಿ ನಿಂತಿದ್ದೆ. ಮರುದಿನ ಅವಳ ಗುಡಿಸಲಿಗೆ ಪ್ರಾರ್ಥನೆಗೆ ಹೋದಾಗ ತಲೆ ಎತ್ತಲಾಗಲಿಲ್ಲ. ದಂಡ ಹಾಕುವವನು ಆ ಹೊತ್ತು ಅಲ್ಲಿರಲಿಲ್ಲ. ಅವನ ಕೆಲಸವನ್ನು ನಾವೇ ಮಾಡಿದ್ದೆವು.

ನೋಯಿಸುವ ಗುಂಪೇ ಕಾಯಲೂ ಬಲ್ಲದು. 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರಿನಲ್ಲಿ ಬೋನಸ್ ಶೇ. 20ರಿಂದ 10ಕ್ಕೆ ಇಳಿದಾಗ, ಚಹಾ ತೋಟದ ಹೆಂಗಸರು ಗಂಡಸು ಮುಖಂಡರನ್ನು ದೂರವಿಟ್ಟು ತಾವೇ ರಸ್ತೆಯಲ್ಲಿ ಕುಳಿತರು. 9 ದಿನಗಳ ಹೋರಾಟದ ಬಳಿಕ ಬೋನಸ್ಸು, ವಿಶೇಷ ಮೊತ್ತ ಸೇರಿ ಶೇ. 20ಕ್ಕೆ ಒಪ್ಪಂದವಾಯಿತು. ಅವರಲ್ಲಿ ಯಾರೊಬ್ಬಳಿಂದಲೂ ಒಂಟಿಯಾಗಿ ಇದು ಆಗುತ್ತಿರಲಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಹಿಂದೆ ಬಿದ್ದವರನ್ನು ಬೈಯುವ ಮೊದಲು, ಅವರ ತಲೆಯ ಮೇಲಿರುವ ಭಯ ಯಾವುದು, ಕೂಲಿಯ ಲೆಕ್ಕ ಹೇಗಿದೆ ಎಂದು ಕೇಳಿರಿ. ಕಾಯಿಲೆ ಬಿದ್ದವರ ಪಾಲಿನ ಕೆಲಸವನ್ನು ಎಲ್ಲರೂ ಹಂಚಿಕೊಳ್ಳುವುದೆಂದು ಟೋಳಿಯಲ್ಲೇ ನಿರ್ಣಯ ಮಾಡಿರಿ. ಬಳಿಕ ಆ ದಂಡವನ್ನು ತೆಗೆಯಿರಿ ಎಂದು ಒಟ್ಟಾಗಿ ಕೇಳೋಣ. ಗುಂಪು ಗೆರೆ ಎಳೆಯುವುದಂತೂ ತಪ್ಪದು. ಆ ಗೆರೆ ಬಲಹೀನರನ್ನು ಒಳಗಿಟ್ಟುಕೊಳ್ಳುವಂತಿರಲಿ.