ಸನ್‌ರೂಫಿನ ನಾಲ್ಕು ಕೊಳವೆಗಳು

ಮಳೆಗಾಲದಲ್ಲಿ ನಾಸಿಕ್‌ನವರು ಕೇಳುವ ಪ್ರಶ್ನೆ ಎರಡು. ಮೇಲೆ ಗಂಗಾಪುರ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಕೆಳಗೆ ಗೋದಾವರಿಯ ದುತೊಂಡ್ಯಾ ಮಾರುತಿಗೆ ನೀರು ಎಲ್ಲಿಯವರೆಗೆ ಬಂತು. ಮೊಣಕಾಲಿಗೋ, ಸೊಂಟಕ್ಕೋ, ಕತ್ತಿಗೋ ಎಂದು ಆ ಎರಡು ಮುಖದ ಹನುಮಂತನ ಮೈಮೇಲೇ ಪ್ರವಾಹದ ಅಳತೆ ನಡೆಯುತ್ತದೆ. ಗಂಗಾಪುರದ್ದು ಮಣ್ಣಿನ ಕಟ್ಟೆ. ಅಂಥ ಕಟ್ಟೆಯ ನೆತ್ತಿಯ ಮೇಲೆ ನೀರು ಹರಿದರೆ ಕಟ್ಟೆಯೇ ಕೊಚ್ಚಿಹೋಗುತ್ತದೆ. ಆದ್ದರಿಂದ ಬಂದ ನೀರಿಗೆ ಹೋಗಲು ದಾರಿ ಇಟ್ಟಿದ್ದಾರೆ, ಹೊತ್ತಿಗೆ ಸರಿಯಾಗಿ ಗೇಟು ಎತ್ತುತ್ತಾರೆ. ನೀರು ಹೊರಗೆ ಬರುತ್ತಿದೆಯೆಂದು ಯಾರೂ ಗೇಟಿಗೆ ಸಿಮೆಂಟು ಮೆತ್ತುವುದಿಲ್ಲ.

ಕಾರಿನ ಸನ್‌ರೂಫ್ ಸೋರಿದಾಗ ಮಾತ್ರ ಜನ ಮಾಡುವುದು ಅದನ್ನೇ. ನಾಸಿಕ್ ಇರಲಿ, ಬೆಂಗಳೂರಿರಲಿ, ಮೊದಲ ಮಳೆಗೆ ತಲೆಯ ಮೇಲೆ ನಾಲ್ಕು ಹನಿ ಬಿದ್ದ ಕೂಡಲೇ ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕಾನ್ ಟ್ಯೂಬು ಬರುತ್ತದೆ. ಗಾಜಿನ ಸುತ್ತ ಬಳಿದು, ಬೆರಳಲ್ಲಿ ಸವರಿ, ಮುಗಿಯಿತು ಎನ್ನುತ್ತಾರೆ. ಮುಗಿಯುವುದಿಲ್ಲ. ತೆರೆಯುವ ಗಾಜು ಅಂಟಿಕೊಳ್ಳುತ್ತದೆ, ಅದನ್ನು ಎಳೆಯುವ ಮೋಟಾರು ತಿಣುಕುತ್ತದೆ, ಎಲ್ಲೋ ಉಳಿದ ಕೂದಲೆಳೆಯಷ್ಟು ಸಂದಿಯಿಂದ ನೀರು ಮತ್ತೆ ಇಳಿಯುತ್ತದೆ. ವಾರಂಟಿ ಕೇಳಲು ಹೋದರೆ ಆ ಸಿಲಿಕಾನೇ ನೆಪವೂ ಆಗಬಹುದು.

ಈ ತಪ್ಪಿಗೆ ಮೂಲ ಒಂದು ನಂಬಿಕೆ: ಸನ್‌ರೂಫಿನ ರಬ್ಬರು ನೀರನ್ನು ಪೂರ್ತಿ ತಡೆಯುತ್ತದೆ ಎಂಬುದು. ತೆರೆಯುವ ಸನ್‌ರೂಫುಗಳ ಲೆಕ್ಕಾಚಾರವೇ ಬೇರೆ. ಸ್ವಲ್ಪ ನೀರು ರಬ್ಬರು ದಾಟಿ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಗಾಜಿನ ಕೆಳಗೆ ಸುತ್ತಲೂ ಒಂದು ಸಣ್ಣ ಕಾಲುವೆ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಲ್ಲಿ ತೂತು, ತೂತಿಗೆ ಪೆನ್ಸಿಲ್ ದಪ್ಪದ ಕೊಳವೆ. ಮುಂದಿನ ಎರಡು ಮುಂಗಾಜಿನ ಪಕ್ಕದ ಕಂಬಗಳೊಳಗೆ ಇಳಿದು ಚಕ್ರದ ಬಳಿಯೋ ಬಾಗಿಲಿನ ಕೀಲಿನ ಬಳಿಯೋ ನೀರು ಬಿಡುತ್ತವೆ, ಹಿಂದಿನ ಎರಡು ಹಿಂಗಂಬಗಳೊಳಗೆ. ದೂಳು, ಎಲೆಚೂರು, ಹೂವಿನ ಎಸಳು ಸೇರಿ ಒಂದು ಕೊಳವೆ ಕಟ್ಟಿಕೊಂಡರೆ ಕಾಲುವೆ ತುಂಬಿ ಒಳಗೆ ಚೆಲ್ಲುತ್ತದೆ. ಮರದ ನೆರಳು ಹುಡುಕಿ ನಿಲ್ಲಿಸಿದ ಕಾರಿಗೇ ಇದು ಹೆಚ್ಚು. ಬ್ರೇಕ್ ಒತ್ತಿದಾಗ ಮುಂದಿನ ದೀಪದ ಬಳಿ ನೀರು ಸುರಿದರೆ ಗುಮಾನಿ ಮೊದಲು ಹೋಗಬೇಕಾದದ್ದು ಕೊಳವೆಯ ಕಡೆಗೆ.

ಆದರೆ ಇದನ್ನು ಹೇಳುವವರು ಯಾರು? ಶೋರೂಮಿನಲ್ಲಿ ಗುಂಡಿ ಒತ್ತಿ ಗಾಜು ಸರಿಸಿ ತೋರಿಸುತ್ತಾರೆ, ಮಕ್ಕಳು ಕೈತಟ್ಟುತ್ತಾರೆ. ಕೊಳವೆ ತೋರಿಸುವ ಸೇಲ್ಸ್‌ಮನ್ ಅಪರೂಪ. 2023ರ ಆರಂಭದಲ್ಲಿ ಸ್ಕಾರ್ಪಿಯೊ-ಎನ್ ಒಂದನ್ನು ಜಲಪಾತದ ಕೆಳಗೆ ನಿಲ್ಲಿಸಿ, ಛಾವಣಿಯ ದೀಪ, ಸ್ಪೀಕರುಗಳಿಂದ ನೀರು ಸುರಿದ ವಿಡಿಯೊವನ್ನು ದೇಶವೇ ನೋಡಿತು. ಮೊದಲ ಸ್ಕಾರ್ಪಿಯೊ 2002ರಲ್ಲಿ ಹೊರಬಂದದ್ದು ಇದೇ ನಾಸಿಕ್‌ನ ಕಾರ್ಖಾನೆಯಿಂದ. ಮಹೀಂದ್ರ ಕಂಪನಿ ಜಲಪಾತದ ಕೆಳಗೆ ಇನ್ನೊಂದು ಕಾರು ನಿಲ್ಲಿಸಿ, ಸೋರದ ವಿಡಿಯೊ ಹಾಕಿ ಉತ್ತರ ಕೊಟ್ಟಿತು. ಸೋರಿತು, ಸೋರಲಿಲ್ಲ ಎಂಬ ಜಗಳ ಜೋರಾಗಿ ನಡೆಯಿತು. ಒಳಗೆ ಬಂದ ನೀರು ಯಾವ ದಾರಿಯಲ್ಲಿ ಹೋಗಬೇಕು, ಆ ದಾರಿಯನ್ನು ಯಾರು, ಯಾವಾಗ ನೋಡಬೇಕು ಎಂಬ ಉಪಯೋಗದ ಮಾತು ಆ ಗದ್ದಲದಲ್ಲಿ ಅಡಗಿಹೋಯಿತು.

ನೋಡುವ ಕೆಲಸ ಮನೆಯಲ್ಲೇ ಆಗುತ್ತದೆ. ಗಾಜು ತೆರೆದು ಕಾಲುವೆಯ ಕಸವನ್ನು ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು, ಒಳಕ್ಕೆ ತಳ್ಳಬಾರದು. ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನವಾಗಿ ಬಿಟ್ಟು, ಇನ್ನೊಬ್ಬರು ಕೆಳಗೆ ಬಗ್ಗಿ ನೋಡಬೇಕು. ನೀರು ನಿಂತರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುದಿಯನ್ನು ಉಜ್ಜಿ ನುಣುಪು ಮಾಡಿ ಮೆಲ್ಲಗೆ ಇಳಿಸಬೇಕು. ಕಬ್ಬಿಣದ ತಂತಿ ಬೇಡ, ಕೊಳವೆ ತೂತಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಂತೂ ಬೇಡವೇ ಬೇಡ. ಒತ್ತಡಕ್ಕೆ ಕೊಳವೆ ಜೋಡಣೆಯಿಂದ ಕಳಚಿದರೆ ಮುಂದಿನ ಮಳೆಯೆಲ್ಲ ಕಂಬದೊಳಗೇ. ಕಳಚಿದೆ ಎಂಬ ಅನುಮಾನ ಬಂದರೆ ಕೈ ಅಲ್ಲಿಗೇ ನಿಲ್ಲಲಿ. ಹಲವು ಕಾರುಗಳಲ್ಲಿ ಆ ಕಂಬದ ಹೊದಿಕೆಯ ಹಿಂದೆ, ಛಾವಣಿಯ ಅಂಚಿನುದ್ದಕ್ಕೂ ಏರ್‌ಬ್ಯಾಗ್ ಇರುತ್ತದೆ. ಅದು ಬಲ್ಲವರ ಕೆಲಸ.

ಲಕ್ಷಗಟ್ಟಲೆ ಕೊಟ್ಟವನು ಲೋಟ ಹಿಡಿದು ನಿಲ್ಲಬೇಕೇ ಎಂದು ಕೇಳುವವರಿದ್ದಾರೆ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇಟ್ಟವರು ಹಾಗೆ ಕೇಳಲಿಲ್ಲ. ಮೋಡ ಕಂಡರೆ ಮಾಳಿಗೆ ಹತ್ತಿ ಕಿಂಡಿ ಮುಚ್ಚುತ್ತಿದ್ದರು, ನೀರು ಹೋಗುವ ದಾರಿಯಲ್ಲಿ ಕಸ ಕಂಡರೆ ತೆಗೆದು ಇಳಿಯುತ್ತಿದ್ದರು. ಆದರೆ ಅವರಿಗೆ ದಾರಿ ಎಲ್ಲಿದೆ ಎಂದು ಗೊತ್ತಿತ್ತು. ಸನ್‌ರೂಫಿಗೆಂದೇ ಸಾಲದ ಕಂತು ಹೆಚ್ಚಿಸಿಕೊಂಡವರಿಗೆ ಅದನ್ನು ತಿಳಿಸದಿರುವುದು ವ್ಯಾಪಾರದ ಜಾಣತನ. ನಾಲ್ಕು ಕೊಳವೆಗಳ ಚಿತ್ರ ಕೈಪಿಡಿಯ ಮೊದಲ ಪುಟಗಳಲ್ಲಿರಲಿ, ಮಳೆಗಾಲದ ಮುಂಚಿನ ಸರ್ವೀಸ್ ಪಟ್ಟಿಯಲ್ಲಿ ಅವಕ್ಕೊಂದು ಸಾಲು ಇರಲಿ. ಅದಕ್ಕೆ ಕಂಪನಿಗಳಿಗೆ ಆಗುವ ಖರ್ಚು ಎಷ್ಟು? ಬಿಟ್ಟರೆ ಕಾರಿನವರಿಗೆ ಆಗುವ ಖರ್ಚು ದೊಡ್ಡದು: ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿಯಲ್ಲಿ ವೈರುಗಳಿರುತ್ತವೆ, ಕೆಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಅಲ್ಲೇ. ಮುಗ್ಗಲು ವಾಸನೆ ಬರುವ ಹೊತ್ತಿಗೆ ಅವು ಎಷ್ಟೋ ದಿನ ನೆನೆದಿರುತ್ತವೆ. ಹಾಗಾಗಿ ಕೊಳವೆ ಬಿಡಿಸಿದ ದಿನವೇ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಬೇಕು. ಕೈಗೆ ನೀರು ಹತ್ತಿದರೆ ಬಾಗಿಲು ತೆರೆದಿಟ್ಟು, ಫ್ಯಾನ್ ಹಚ್ಚಿ, ಅಡಿಯ ಸ್ಪಂಜಿನವರೆಗೂ ಒಣಗಿಸಬೇಕು. ಅದಕ್ಕೆ ಎರಡು ದಿನವೂ ಹಿಡಿಯಬಹುದು.