ಸಿಗಾರ್ ನೋಡಲು ಹೋದವರು ಓದನ್ನೂ ಕೇಳಿ ಬನ್ನಿ

ಕ್ಯೂಬಾಕ್ಕೆ ಬೆನ್ನುಚೀಲ ಹೊತ್ತು ಹೊರಡುವವರ ಪಟ್ಟಿಯಲ್ಲಿ ಸಿಗಾರ್ ತಯಾರಾಗುವ ಜಾಗವೊಂದು ಇದ್ದೇ ಇರುತ್ತದೆ. ಹಲವರು ಹವಾನಾದಿಂದ ಪಶ್ಚಿಮಕ್ಕೆ ಬಸ್ಸು ಹಿಡಿದು ವಿನ್ಯಾಲೆಸ್ ಕಣಿವೆಗೆ ಹೋಗುತ್ತಾರೆ. ಅಲ್ಲಿ ತಾಳೆಗರಿ ಹೊದಿಸಿದ ಎತ್ತರದ ಮಾಡಿನ ಕೊಟ್ಟಿಗೆಗಳಲ್ಲಿ ಹೊಗೆಸೊಪ್ಪು ಒಣಗುತ್ತಿರುತ್ತದೆ. ರೈತ ಎಲೆಯ ನಡುನರ ಸೀಳಿ ತೆಗೆದು, ನೋಡನೋಡುತ್ತಲೇ ಸಿಗಾರ್ ಸುತ್ತಿ, ತುದಿಗೆ ಜೇನು ಸವರಿ ಕೈಗಿಡುತ್ತಾನೆ. ನಿಕೋಟಿನ್ ಇರುವುದು ನರದಲ್ಲಿ, ಅದನ್ನು ತೆಗೆದಾಯಿತಲ್ಲ, ಇನ್ನು ಭಯವಿಲ್ಲ ಎಂದು ಪ್ರವಾಸಿಗರಿಗೆ ಹೇಳುವುದೂ ಉಂಟು. ಆ ಮಾತು ನಿಜವಲ್ಲ. ಹೊಗೆಸೊಪ್ಪಿನಲ್ಲಿ ನರಕ್ಕಿಂತ ಎಲೆಯ ಹಾಳೆಯಲ್ಲೇ ನಿಕೋಟಿನ್ ಹೆಚ್ಚು. ಹೊಗೆಯನ್ನು ಎದೆಗೆ ಎಳೆದುಕೊಳ್ಳದೆ ಬಾಯಲ್ಲೇ ಆಡಿಸಿ ಬಿಟ್ಟರೂ ಸಿಗಾರಿನಿಂದ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಆ ಜಾಗಗಳಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಬೇಕು, ದುಡಿಯುವವರ ಮನೆಗೆ ಹೋದಂತೆ ಹೋಗಬೇಕು. ಅಲ್ಲಿ ಜೋಪಾನ ಮಾಡಬೇಕಾದ ಪರಂಪರೆಯೊಂದು ಇದೆ. ಅದು ಮಾರಾಟಕ್ಕಿಟ್ಟ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಹವಾನಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವ ದೊಡ್ಡ ಕೋಣೆಗೆ ಗಲೇರಾ ಎನ್ನುತ್ತಾರೆ. ಸಾಲು ಮೇಜುಗಳ ಹಿಂದೆ ಕೂತ ಟೊರ್ಸೆಡೋರ್‌ಗಳು ಮೊದಲು ಒಳಗಿನ ಎಲೆಗಳನ್ನು ಕೂಡಿಸಿ, ಅವಕ್ಕೆ ಬಿಗಿ ಎಲೆಯೊಂದನ್ನು ಸುತ್ತಿ, ಅಚ್ಚಿನಲ್ಲಿ ಒತ್ತಿ, ಕೊನೆಗೆ ನಯವಾದ ಹೊರ ಎಲೆಯನ್ನು ಚಾವೇಟಾ ಎಂಬ ಬಾಗಿದ ಅಲಗಿನಿಂದ ಕತ್ತರಿಸಿ ಹೊದಿಸುತ್ತಾರೆ. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಆ ಬಿಡುವಾದ ಕಿವಿಯಲ್ಲಿ ಕಾರ್ಮಿಕರು ಏನನ್ನು ತುಂಬಿಕೊಂಡರು ಎಂಬುದೇ ಈ ಕಸುಬಿನ ದೊಡ್ಡ ಕಥೆ. 1865ರಲ್ಲಿ ಎಲ್ ಫಿಗಾರೊ ಎಂಬ ಕಾರ್ಖಾನೆಯಲ್ಲಿ ಒಬ್ಬರನ್ನು ಎತ್ತರದ ಪೀಠದ ಮೇಲೆ ಕೂರಿಸಿ ಗಟ್ಟಿಯಾಗಿ ಓದಿಸುವ ಪದ್ಧತಿ ಶುರುವಾಯಿತು. ಇದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಸ್ವತಃ ಸಿಗಾರ್ ಕಾರ್ಮಿಕನಾಗಿದ್ದ ಸತುರ್ನಿನೊ ಮಾರ್ಟಿನೆಜ್ ಪ್ರಮುಖ. ಅದೇ ವರ್ಷ ಆತ ಕಾರ್ಮಿಕರಿಗಾಗಿ ಲಾ ಔರೋರಾ ಎಂಬ ಪತ್ರಿಕೆಯನ್ನೂ ಹೊರಡಿಸಿದ. ಓದುವವನಿಗೆ ಕೂಲಿ ಕೊಟ್ಟವರು ಮಾಲೀಕರಲ್ಲ, ತಮ್ಮ ಸಂಪಾದನೆಯಿಂದ ಕಾಸು ಕೂಡಿಸಿದ ಕಾರ್ಮಿಕರು. ಏನನ್ನು ಓದಬೇಕೆಂದು ನಿರ್ಧರಿಸುತ್ತಿದ್ದವರೂ ಅವರೇ. ಅಕ್ಷರ ಬಾರದ ಎಷ್ಟೋ ಜನ ಹೀಗೆ ಸುದ್ದಿಯನ್ನು, ಕಾದಂಬರಿಗಳನ್ನು, ರಾಜಕೀಯ ವಾದಗಳನ್ನು ತಿಳಿದುಕೊಂಡರು. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿ ಗಲೇರಾಗಳಲ್ಲಿ ಎಷ್ಟು ಪ್ರಿಯವಾಗಿತ್ತೆಂದರೆ, ಮಾಂಟೆಕ್ರಿಸ್ಟೊ ಎಂಬ ಸಿಗಾರಿಗೆ ಹೆಸರು ಬಂದದ್ದು ಅಲ್ಲಿಂದಲೇ ಎನ್ನುತ್ತಾರೆ. ಸ್ಪೇನಿನ ವಸಾಹತು ಆಡಳಿತಕ್ಕೆ ಇದರ ಅಪಾಯ ಬೇಗ ಅರ್ಥವಾಯಿತು. 1866ರಲ್ಲೇ ಓದನ್ನು ನಿಷೇಧಿಸಿತು. ಓದು ಮತ್ತೆ ಮತ್ತೆ ತಲೆಯೆತ್ತಿತು, ವಲಸೆ ಹೋದ ಕಾರ್ಮಿಕರೊಂದಿಗೆ ಸಮುದ್ರ ದಾಟಿ ಫ್ಲಾರಿಡಾದ ಕೀ ವೆಸ್ಟ್ ಮತ್ತು ಟ್ಯಾಂಪಾ ಊರುಗಳನ್ನೂ ಸೇರಿತು. 1891ರಲ್ಲಿ ಹೋಸೆ ಮಾರ್ತಿ ಕ್ಯೂಬಾದ ಸ್ವಾತಂತ್ರ್ಯಕ್ಕೆ ಬೆಂಬಲ ಕೇಳಿಕೊಂಡು ಟ್ಯಾಂಪಾಕ್ಕೆ ಬಂದಾಗ, ಆತನ ಮಾತಿಗೆ ಕಿವಿಗೊಟ್ಟು ಕೂಲಿಯ ಪಾಲನ್ನು ಹೋರಾಟಕ್ಕೆ ಕೊಟ್ಟವರು ಹೀಗೆ ಕೇಳಿ ಕೇಳಿ ಬೆಳೆದ ಜನ. 1931ರಲ್ಲಿ ಟ್ಯಾಂಪಾದ ಮಾಲೀಕರು ಓದುಗರನ್ನು ಹೊರಹಾಕಿದರು. ಕಾರ್ಮಿಕರು ಕೆಲಸ ಬಿಟ್ಟು ಎದ್ದು ಬಂದರು, ಆದರೆ ಓದುಗರು ಮರಳಲಿಲ್ಲ. ಅವರ ಜಾಗಕ್ಕೆ ರೇಡಿಯೊ ಬಂತು.

ಕ್ಯೂಬಾದಲ್ಲಿ ಮಾತ್ರ ಆ ಪೀಠ ಇಂದಿಗೂ ಉಳಿದಿದೆ, 2012ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದೂ ಘೋಷಿಸಿತು. ಇಲ್ಲೊಂದು ಗಂಭೀರ ಆಕ್ಷೇಪವಿದೆ. ಕಾರ್ಖಾನೆಗಳು 1960ರಲ್ಲಿ ಸರ್ಕಾರದ ವಶಕ್ಕೆ ಹೋದವು. ಈಗಿನ ಓದುಗ ಸರ್ಕಾರಿ ಸಂಬಳದವ, ಆತ ಓದುವ ಪತ್ರಿಕೆ ಆಳುವ ಕಮ್ಯುನಿಸ್ಟ್ ಪಕ್ಷದ್ದು. ಹಾಗಿದ್ದ ಮೇಲೆ ಉಳಿದಿರುವುದು ಬರೀ ತೋರಿಕೆ ತಾನೇ? ಪಕ್ಷದ ಹಿಡಿತದ ಆಚೆಗೆ ಸಂಘ ಕಟ್ಟುವ ಸ್ವಾತಂತ್ರ್ಯ ಅಲ್ಲಿನ ಕಾರ್ಮಿಕರಿಗಿಲ್ಲ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಮಟ್ಟಿಗೆ ಅದು ಹೋಗಿ ನೋಡಲು ಇನ್ನೊಂದು ಕಾರಣ. ತಮ್ಮದೇ ಕಾಸಿನಿಂದ ಕಾರ್ಮಿಕರು ಕಟ್ಟಿದ ಸಂಸ್ಥೆಯನ್ನು ಒಬ್ಬ ಗವರ್ನರ್ ನಿಷೇಧಿಸಿದ, ಒಂದು ಊರಿನ ಮಾಲೀಕರು ಒದ್ದೋಡಿಸಿದರು, ಒಂದು ಸರ್ಕಾರ ತನ್ನದಾಗಿಸಿಕೊಂಡಿತು. ಈ ಮೂರನ್ನೂ ತಿಳಿದು ಒಳಗೆ ಕಾಲಿಟ್ಟವರಿಗೆ ಪೀಠದ ಮೇಲಿನಿಂದ ಬರುವ ದನಿಯಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದು ಕೇಳಿಸುತ್ತದೆ.

ಇನ್ನೊಂದು ವಾದ ಹಣದ್ದು. ನಾವು ಕೊಳ್ಳುವ ಸಿಗಾರಿನಿಂದ ಬಡ ರೈತನಿಗೆ ನಾಲ್ಕು ಕಾಸು ಸಿಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ರೈತ ಬೆಳೆದ ಹೊಗೆಸೊಪ್ಪಿನ ಹತ್ತರಲ್ಲಿ ಒಂಬತ್ತು ಪಾಲು ನಿಗದಿತ ಬೆಲೆಗೆ ಸರ್ಕಾರಕ್ಕೆ ಹೋಗುತ್ತದೆ. ಪ್ರವಾಸಿಗೆ ಮಾರುವುದು ಉಳಿದ ಒಂದು ಪಾಲಿನಿಂದ. ಅತ್ತ ಕ್ಯೂಬಾದ ಸಿಗಾರನ್ನು ಜಗತ್ತಿಗೆಲ್ಲ ಮಾರುವ ಹಬಾನೋಸ್ ಕಂಪನಿ 2023ರಲ್ಲಿ ಮಾಡಿದ ವಹಿವಾಟು 72 ಕೋಟಿ ಡಾಲರ್. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ವಿನ್ಯಾಲೆಸ್ ಇರುವ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಒಣಗಿಸುವ ಕೊಟ್ಟಿಗೆಗಳನ್ನು ಸಾವಿರಗಟ್ಟಲೆ ಕೆಡವಿದಾಗ, ಮರದ ತೊಲೆಗೂ ಮೊಳೆಗೂ ಪರದಾಡಿದವರು ಇದೇ ರೈತರು. ಅವರ ಕೈಗೆ ಹಣ ಸೇರಬೇಕು ಎಂಬ ಕಾಳಜಿ ಸರಿಯಾದದ್ದೇ. ಆದರೆ ಅದೇ ಹಳ್ಳಿಯಲ್ಲಿ ಅದೇ ಕುಟುಂಬಗಳು ಮನೆಯ ಕೋಣೆಯನ್ನು ಬಾಡಿಗೆಗೆ ಕೊಡುತ್ತವೆ, ಊಟ ಹಾಕುತ್ತವೆ, ಕುದುರೆಯ ಮೇಲೆ ಕಣಿವೆ ತೋರಿಸುತ್ತವೆ, ಕಾಫಿ ಬೀಜ ಮಾರುತ್ತವೆ. ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುವ ವಸ್ತುವನ್ನು ಕೊಂಡು ಊರಿನ ಗೆಳೆಯರಿಗೆ ಹಂಚುವುದು ಉಪಕಾರದ ಏಕೈಕ ದಾರಿಯೇನಲ್ಲ. ಹವಾನಾದ ಬೀದಿಯಲ್ಲಿ ಅಗ್ಗದ ಬೆಲೆ ಹೇಳಿ ಮಾರುವ ನಕಲಿ ಸಿಗಾರುಗಳಿಂದಂತೂ ಸುತ್ತುವವರಿಗೂ ಬೆಳೆಯುವವರಿಗೂ ಏನೂ ದಕ್ಕುವುದಿಲ್ಲ.

ರಜೆಗೆ ಹೋದವರ ತಲೆಗೆ ಕೂಲಿ, ಸಂಘ, ಕಾಯಿಲೆಗಳ ಚಿಂತೆ ಯಾಕೆ ಹಾಕಬೇಕು ಎಂದು ಕೇಳುವವರೂ ಇದ್ದಾರೆ. ಕರ್ನಾಟಕದಿಂದ ಹೋಗುವವರಿಗೆ ಈ ಪ್ರಶ್ನೆ ಹೊರಗಿನದಲ್ಲ. ನಮ್ಮ ಕರಾವಳಿಯ ಮನೆ ಜಗಲಿಗಳಲ್ಲಿ ಹೆಂಗಸರು ತಲೆಮಾರುಗಳಿಂದ ಬೀಡಿ ಕಟ್ಟಿದ್ದಾರೆ. ಮಕ್ಕಳನ್ನು ಓದಿಸಿದ್ದೂ ಮನೆ ನಡೆಸಿದ್ದೂ ಸಾವಿರಕ್ಕೆ ಇಷ್ಟು ಎಂಬ ಆ ಲೆಕ್ಕದ ಕೂಲಿಯಿಂದ. ಸರಿಯಿಲ್ಲವೆಂದು ಬದಿಗೆ ಹಾಕಿದ ಬೀಡಿಗೆ ಅವರಿಗೆ ಕಾಸು ಸಿಗದು. 1966ರಲ್ಲಿ ಸಂಸತ್ತು ತಂದ ಕಾಯ್ದೆ ಬೀಡಿ ಮತ್ತು ಸಿಗಾರ್ ಕಾರ್ಮಿಕರನ್ನು ಒಂದೇ ಹೆಸರಿನಡಿ ಸೇರಿಸಿ, ಕೆಲಸದ ವೇಳೆ, ರಜೆ, ಹೆರಿಗೆ ಸೌಲಭ್ಯಗಳ ಮಾತಾಡಿತು. ಕೇರಳ ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ ಮಂಗಳೂರಿನ ದೊಡ್ಡ ಬೀಡಿ ಮಾಲೀಕರು ಕಣ್ಣೂರಿನ ತಮ್ಮ ಕಾರ್ಖಾನೆಗಳಿಗೆ ಬೀಗ ಜಡಿದರು, ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಮರುವರ್ಷ ಆ ಕಾರ್ಮಿಕರದ್ದೇ ಸಹಕಾರ ಸಂಘವಾಗಿ ಕೇರಳ ದಿನೇಶ್ ಬೀಡಿ ಹುಟ್ಟಿತು. ಕಣ್ಣೂರಿನ ಬೀಡಿ ಕೋಣೆಗಳಲ್ಲೂ ಒಬ್ಬರು ಪತ್ರಿಕೆ ಓದುತ್ತಿದ್ದರು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿ ತುಂಬಿಕೊಡುತ್ತಿದ್ದರು. ಹವಾನಾದ ಹೆಸರು ಕೇಳದಿದ್ದವರೂ ಅದೇ ಉಪಾಯಕ್ಕೆ ಬಂದದ್ದು ಒಂದೇ ಸೂರಿನಡಿ ಕೂತು ದುಡಿದದ್ದರಿಂದ. ಗುತ್ತಿಗೆದಾರನ ಮೂಲಕ ಕೆಲಸ ಮನೆಮನೆಗೆ ಹಂಚಿಹೋದ ಕಡೆ ಓದುವುದಕ್ಕೆ ಕೋಣೆಯಿಲ್ಲ, ಕೇಳುವುದಕ್ಕೆ ಸಾಲು ಮೇಜಿಲ್ಲ, ಕೂಲಿ ಕಡಿಮೆಯಾಯಿತೆಂದು ಒಟ್ಟಾಗಿ ಎದ್ದು ನಿಲ್ಲುವ ದಾರಿಯೂ ಕಠಿಣ. ಮಂಗಳೂರಿನ ಜಗಲಿಗೂ ಹವಾನಾದ ಗಲೇರಾಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮವರಷ್ಟು ಸ್ಪಷ್ಟವಾಗಿ ಗುರುತಿಸಬಲ್ಲ ಪ್ರವಾಸಿಗರು ಕಡಿಮೆ.

ಹೊಗೆಸೊಪ್ಪಿನ ಮೇಲೆ ಇಷ್ಟು ಕೋಪವಿದ್ದರೆ ಅದನ್ನೇ ನಂಬಿದ ಕೈಗಳ ಗತಿಯೇನು ಎಂಬ ಪ್ರಶ್ನೆಗೆ ಉತ್ತರವೂ ಕಣ್ಣೂರಿನಲ್ಲಿದೆ. ಬೀಡಿಯ ಬೇಡಿಕೆ ಕುಸಿಯತೊಡಗಿದಾಗ ದಿನೇಶ್ ಸಂಘ ಮಸಾಲೆ ಪುಡಿ, ಉಪ್ಪಿನಕಾಯಿ, ಕೊಡೆ, ಸಿದ್ಧ ಉಡುಪು ಮಾಡತೊಡಗಿತು, ತಂತ್ರಾಂಶದ ಕೆಲಸಕ್ಕೂ ಕೈಹಾಕಿತು. ಬೀಡಿ ಕಟ್ಟುತ್ತಿದ್ದ ಎಲ್ಲರಿಗೂ ಅದರಿಂದ ಕೆಲಸ ಸಿಗಲಿಲ್ಲ, ನಷ್ಟದ ವರ್ಷಗಳೂ ಬಂದವು. ಆದರೂ ಏನು ಮಾಡುವುದೆಂದು ಕೂತು ಚರ್ಚಿಸಲು ಅವರಿಗೆ ತಮ್ಮದೇ ಒಂದು ಸಂಸ್ಥೆಯಿತ್ತು. ಮಂಗಳೂರಿನಿಂದ ಕಣ್ಣೂರಿಗೆ ರೈಲಿನಲ್ಲಿ ಮೂರು ಗಂಟೆಯ ದಾರಿಯೂ ಇಲ್ಲ. ಹವಾನಾಕ್ಕೆ ಟಿಕೆಟ್ ತೆಗೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿಬಂದವರಿಗೆ ಗಲೇರಾದಲ್ಲಿ ಯಾರನ್ನು ಏನು ಕೇಳಬೇಕೆಂಬುದು ಮೊದಲೇ ಗೊತ್ತಿರುತ್ತದೆ.